ಸಭೆಯ ಸಮ್ಮೇಳನಕ್ಕೆ ಇಬ್ಬರೂ ಹೋಗಿ, ಮಂಗಳೂರು-ಉಡುಪಿಯನ್ನೂ ನೋಡಿ ಬನ್ನಿ

ಹೋದ ಸಲ ಮಂಗಳೂರಿನಿಂದ ಬಂದ ಮೇಲೆ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ನಾಲ್ಕೈದು ಜೋಡಿಗಳು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಸಮ್ಮೇಳನಕ್ಕೂ ಕೂತಿರಿ, ಊರನ್ನೂ ನೋಡಿದಿರಿ, ಹೇಗೆ ಹೊಂದಿಸಿದಿರಿ?" ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ನಮ್ಮ ಬಗ್ಗೆ ಎರಡು ಮಾತು. ನಾನು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವಳು. ನಮ್ಮನೆಯವರು ಹೊನ್ನಾವರದ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಮದುವೆಯಾಗಿ 19 ವರ್ಷ. ಸಭೆಯಲ್ಲಿ ಭಾಷೆ, ಜಾತಿ, ಪಂಗಡ, ಹೆಣ್ಣುಮಕ್ಕಳ ಸ್ಥಾನ, ಅಂಗವಿಕಲರ ಸ್ಥಾನ ಇವುಗಳ ಬಗ್ಗೆ ಮಾತಾಡುವ ವೈವಿಧ್ಯದ ಸಮ್ಮೇಳನಗಳಿಗೆ ಎರಡು ಸಲ ಮಂಗಳೂರಿಗೆ ಹೋಗಿದ್ದೇವೆ. ಮೊದಲ ಸಲ ನಾನು ಹಾಲ್‌ನಲ್ಲಿ ಕೂತೆ, ಅವರು ಒಬ್ಬರೇ ಬೀಚು, ಮೀನು ಮಾರ್ಕೆಟ್ಟು ಅಂತ ಸುತ್ತಿದರು. ರಾತ್ರಿ ರೂಮಿಗೆ ಬಂದರೆ ಇಬ್ಬರಿಗೂ ಹಂಚಿಕೊಳ್ಳಲು ಮಾತೇ ಇರಲಿಲ್ಲ. ನಾನು ಹೇಳುವುದು ಅವರಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ, ಅವರು ನೋಡಿದ್ದು ನನಗೆ ಬರೀ ಫೋಟೋ. ಎರಡನೆಯ ಸಲ ಇಬ್ಬರೂ ಹಾಲ್‌ನಲ್ಲಿ ಕೂತೆವು, ಇಬ್ಬರೂ ಸುತ್ತಿದೆವು, ಹಾಲ್‌ನಲ್ಲಿ ಕೇಳಿದ್ದನ್ನೇ ಹೊರಗೆ ಹೋಗಿ ನೋಡುವ ಹಾಗೆ ಜಾಗಗಳನ್ನು ಆರಿಸಿಕೊಂಡೆವು. ಅದು ಬೇರೆಯದೇ ಪ್ರವಾಸವಾಯಿತು. ಹಾಗೆ ಮಾಡುವುದು ಹೇಗೆ ಅಂತಲೇ ಈ ಬರಹ.

ದಿನ ಗೊತ್ತು ಮಾಡುವುದು

ಸಮ್ಮೇಳನ ಎರಡು ದಿನದ್ದಾದರೆ ನೀವು ಐದು ದಿನ ಇಟ್ಟುಕೊಳ್ಳಿ. ಮುಂಚೆ ಒಂದು ದಿನ, ಆಮೇಲೆ ಎರಡು ದಿನ. ಮುಂಚಿನ ದಿನ ಯಾಕೆಂದರೆ, ರಾತ್ರಿ ಬಸ್ಸಿನಲ್ಲಿ ಬಂದು ಮುಖ ತೊಳೆದು ಸೀದಾ ಹಾಲ್‌ಗೆ ಹೋದರೆ ಮೊದಲ ಉಪನ್ಯಾಸ ಪೂರ್ತಿ ತೂಕಡಿಕೆಯಲ್ಲೇ ಹೋಗುತ್ತದೆ. ನಡುವೆ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸಮ್ಮೇಳನದ ದಿನ ನಮ್ಮ ಕೈಯಲ್ಲಿ ಇರುವುದಿಲ್ಲ, ಆದರೆ ಅದಕ್ಕೆ ತಕ್ಕ ಹಾಗೆ ಸುತ್ತಾಟ ಬದಲಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದರೆ ಮಳೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಆದರೆ ಸೆಪ್ಟೆಂಬರ್ 8 ಸಿಕ್ಕಿದರೆ ಅದು ಭಾಗ್ಯ. ಅವತ್ತು ಮೊಂತಿ ಫೆಸ್ತ್, ಕನ್ಯಾಮರಿಯಮ್ಮನ ಹುಟ್ಟಿದ ಹಬ್ಬ, ಜೊತೆಗೆ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸಿರುತ್ತಾರೆ, ಇಗರ್ಜಿಯಲ್ಲಿ (ಕ್ಯಾಥೊಲಿಕರ ಚರ್ಚಿನಲ್ಲಿ) ಆಶೀರ್ವಾದ ಮಾಡಿದ ಭತ್ತದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಜನವರಿಯಾದರೆ ಎರಡು ವಿಷಯ ನೆನಪಿರಲಿ. ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು (2022, 2024, 2026 ಹೀಗೆ), ಆಗ ಅಲ್ಲಿ ರೂಮು ಸಿಗುವುದು ಕಷ್ಟ. ತಿಂಗಳ ಕೊನೆಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ, ಅದು ಜನಸಾಗರ. ಏಪ್ರಿಲ್, ಮೇ ತಿಂಗಳಲ್ಲಿ ಬರುವವರಿಗೆ ಒಂದೇ ಮಾತು. ಹತ್ತಿ ಬಟ್ಟೆ ಜಾಸ್ತಿ ತನ್ನಿ. ನಮ್ಮ ಕಡೆಯ ಬಿಸಿಲು ಒಣ ಬಿಸಿಲು, ಇಲ್ಲಿಯದು ಬೆವರಿಳಿಸುವ ಸೆಕೆ, ದಿನಕ್ಕೆ ಎರಡು ಜೊತೆ ಬೇಕಾಗುತ್ತದೆ.

ಹೆಸರು ಕೊಡುವಾಗ

ಇಬ್ಬರ ಹೆಸರನ್ನೂ ಕೊಡಿ. "ನಾನು ಪ್ರತಿನಿಧಿ, ಅವರು ಸುಮ್ನೆ ಜೊತೆಗೆ ಬರುವವರು" ಅಂತ ಬರೆಸಬೇಡಿ. ಹಾಗೆ ಬರೆಸಿದರೆ ಅವರಿಗೆ ಗುಂಪು ಚರ್ಚೆಯಲ್ಲಿ ಕುರ್ಚಿ ಇರುವುದಿಲ್ಲ, ಊಟದ ಚೀಟಿ ಮಾತ್ರ ಇರುತ್ತದೆ. ಬೇರೆ ಪಂಗಡದವರಾದರೆ ಅದನ್ನೂ ಮೊದಲೇ ಬರೆಯಿರಿ. ಇಂಥ ಸಮ್ಮೇಳನಕ್ಕೆ ನಿಮ್ಮಂಥ ಜೋಡಿಯೇ ಬೇಕು ಅಲ್ವಾ?

ವಸತಿ ಬಗ್ಗೆ ಬಿಡಿಸಿ ಕೇಳಿ. ನಮಗೆ ಮೊದಲ ಸಲ "ವಸತಿ ಇದೆ" ಅಂದಿದ್ದರು, ಹೋಗಿ ನೋಡಿದರೆ ಗಂಡಸರಿಗೆ ಒಂದು ಹಾಲ್, ಹೆಂಗಸರಿಗೆ ಇನ್ನೊಂದು. ಇಬ್ಬರ ಬಟ್ಟೆಯೂ ಒಂದೇ ಪೆಟ್ಟಿಗೆಯಲ್ಲಿ, ನನ್ನ ಬಿಪಿ ಮಾತ್ರೆ ಅವರ ಕಡೆ ಉಳಿದುಹೋಯಿತು. ರಾತ್ರಿ ಹತ್ತಕ್ಕೆ ಕಾವಲಿನವರನ್ನು ಎಬ್ಬಿಸಿ ತರಿಸಿಕೊಂಡೆ. ಆದ್ದರಿಂದ ಕೇಳಬೇಕಾದದ್ದು ಇಷ್ಟು: ಗಂಡ-ಹೆಂಡತಿಗೆ ಒಂದೇ ಕೋಣೆ ಇದೆಯಾ, ಮೆಟ್ಟಿಲು ಎಷ್ಟು, ಸಮ್ಮೇಳನ ಮುಗಿದ ಮೇಲೂ ಎರಡು ರಾತ್ರಿ ದುಡ್ಡು ಕೊಟ್ಟು ಉಳಿಯಬಹುದಾ. ಇಲ್ಲ ಅಂದರೆ ಹಂಪನಕಟ್ಟೆ, ಜ್ಯೋತಿ, ಬಲ್ಮಠದ ಆಸುಪಾಸಿನಲ್ಲಿ ಲಾಡ್ಜ್ ಮಾಡಿಕೊಳ್ಳಿ. ಊರಿನ ನಡುಭಾಗ ಅದು, ನೋಡಬೇಕಾದ ಅರ್ಧ ಜಾಗಕ್ಕೆ ನಡೆದೇ ಹೋಗಬಹುದು. ಯಾವ ಹೊತ್ತಿನ ಊಟಕ್ಕೆ ನೀವು ಬರುವುದಿಲ್ಲ ಅಂತ ಅಡುಗೆಯವರಿಗೆ ಹಿಂದಿನ ದಿನವೇ ತಿಳಿಸಿ, ಅನ್ನ ಹಾಳಾಗಬಾರದು.

ಬರುವ ದಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನವರು ಹಗಲು ರೈಲಿನಲ್ಲಿ ಬರಲಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿ ಸುರಂಗ, ಸೇತುವೆ, ಝರಿಗಳ ದಾರಿ. 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಟಿಕೆಟ್ ಮಾಡುವಾಗ ಮಂಗಳೂರು ಸೆಂಟ್ರಲ್ಲಾ, ಜಂಕ್ಷನ್ನಾ ಅಂತ ನೋಡಿಕೊಳ್ಳಿ. ಸೆಂಟ್ರಲ್ ಇರುವುದು ಹಂಪನಕಟ್ಟೆ ಹತ್ತಿರ, ಜಂಕ್ಷನ್ ಇರುವುದು ಪಡೀಲ್ ಕಡೆ.

ಬಲ್ಮಠದಿಂದಲೇ ಶುರು ಮಾಡಿ

ಮುಂಚಿನ ದಿನದ ಸಂಜೆ ಬಲ್ಮಠ ಗುಡ್ಡಕ್ಕೆ ಹೋಗಿ. ನಿಮ್ಮ ಸಮ್ಮೇಳನ ಎಲ್ಲೇ ಇರಲಿ, ಮೊದಲು ನೋಡಬೇಕಾದ ಜಾಗ ಇದು ಅಂತ ನನ್ನ ಖಂಡಿತವಾದ ಅಭಿಪ್ರಾಯ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿ 1862ರ ಶಾಂತಿ ಕೆಥೆಡ್ರಲ್ ಇದೆ, ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಈ ಊರಿನಲ್ಲೇ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಧಾರವಾಡದವಳಾದ ನನಗೆ ಕಿಟ್ಟೆಲ್ ನಮ್ಮ ಕಡೆಯವರು ಅನ್ನುವ ಅಭಿಮಾನ, ಆ ಪುಸ್ತಕ ಹುಟ್ಟಿದ ಊರಿನ ರಸ್ತೆಯಲ್ಲಿ ನಿಂತಾಗ ಮನಸ್ಸು ತುಂಬಿ ಬಂತು. ಕಾಲೇಜಿನ ಗ್ರಂಥಾಲಯದ ಹಳೆಯ ಸಂಗ್ರಹ ನೋಡಬೇಕೆಂದರೆ ಮುಂಚೆಯೇ ಅನುಮತಿ ಕೇಳಿ, ನೇರವಾಗಿ ಹೋಗಿ ಬಾಗಿಲು ತಟ್ಟಬೇಡಿ.

ಇಲ್ಲಿ ನಿಂತು ಒಂದು ಕಥೆ ಗೊತ್ತಿರಬೇಕು. ತುಳುನಾಡಿನಲ್ಲಿ ಬಾಸೆಲ್ ಮಿಷನ್ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ಕೂಡಲೇ ಕೆಲವರಿಗೆ ಗೇಣಿಯ ಗದ್ದೆ ಹೋಯಿತು, ಶೇಂದಿ ಇಳಿಸುವ ಕಸುಬನ್ನು ಮಿಷನ್ನೇ ಬಿಡಿಸಿತು, ನೆಂಟರು ದೂರವಾದರು. ಹೊಟ್ಟೆಗೆ ಏನು ಮಾಡುವುದು? ಅದಕ್ಕೇ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಬಂತು. ಖಾಕಿ ಬಣ್ಣವೂ ಇಲ್ಲಿಯ ನೇಯ್ಗೆ ಕಾರ್ಖಾನೆಯಲ್ಲೇ ಹುಟ್ಟಿದ್ದು ಅನ್ನುತ್ತಾರೆ. ನಾವೆಲ್ಲ ಮಂಗಳೂರು ಹಂಚು ಅಂತ ಸಲೀಸಾಗಿ ಅನ್ನುತ್ತೇವೆ. ಆ ಹಂಚಿನ ಹಿಂದೆ ಜಾತಿ ಬಿಟ್ಟು ಬಂದು ಅನ್ನ ಕಳೆದುಕೊಂಡವರ ಬೆವರು ಇದೆ. ಮರುದಿನ ಹಾಲ್‌ನಲ್ಲಿ "ಸಭೆಯೊಳಗೆ ಜಾತಿ" ಅಂತ ಚರ್ಚೆ ಶುರುವಾದಾಗ ನಮ್ಮನೆಯವರು ನನ್ನ ಕಿವಿಯಲ್ಲಿ, "ನಿನ್ನೆ ನೋಡಿದ ಹಂಚಿನ ಮಾಡು ಇದೇ ಅಲ್ಲವೇನೆ" ಅಂದರು. ಆಗ ನನಗೆ ಗೊತ್ತಾಯಿತು, ಈ ಸಲ ಪ್ರವಾಸ ಸರಿಯಾದ ಹಳಿಗೆ ಬಿದ್ದಿದೆ ಅಂತ.

ಇನ್ನೊಂದು ಜೋಡಿಯ ನೆನಪೂ ಮಾಡಿಕೊಳ್ಳಿ. ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಆದರು, ಬಾಸೆಲ್‌ಗೆ ಹೋಗಿ ಓದಿ ಬಂದು ಇಲ್ಲಿಯೇ ಪಾಠ ಹೇಳಿದರು. ಮುಂದೆ ಜರ್ಮನಿಯ ಹೆಣ್ಣುಮಗಳನ್ನು ಮದುವೆಯಾದರು. ಅಂಥ ಕಾಲದಲ್ಲಿ!

ಹಾಲ್‌ನಲ್ಲಿ ಕೂತಾಗ

ವೇಳಾಪಟ್ಟಿ ಕೈಗೆ ಬಂದ ಕೂಡಲೇ ಇಬ್ಬರೂ ಕೂತು ಗುರುತು ಹಾಕಿ. ಬಿಡಲೇಬಾರದ್ದು ಗುಂಪು ಚರ್ಚೆ ಮತ್ತು ಸಾಕ್ಷಿ ಹೇಳುವ, ಅಂದರೆ ತಮ್ಮ ಅನುಭವ ಹೇಳಿಕೊಳ್ಳುವ, ಅವಧಿ. ಉದ್ಘಾಟನೆಯ ಸ್ವಾಗತ ಭಾಷಣ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಚರ್ಚೆ ತಪ್ಪಿದರೆ ನೀವು ಬಂದದ್ದೇ ದಂಡ. ಮೊದಲ ಸಲ ಹಾಲ್‌ನಲ್ಲೇ ಕೂತಿದ್ದ ನಾನೂ ಒಂದು ಮಧ್ಯಾಹ್ನ ಮಾತ್ರ ಗುಂಪು ಚರ್ಚೆ ಬಿಟ್ಟು ತಣ್ಣೀರುಬಾವಿ ಬೀಚಿಗೆ ಹೋಗಿದ್ದೆ. ದಲಿತ ಕ್ರೈಸ್ತ ತಾಯಿಯೊಬ್ಬರು ತಮ್ಮ ಮಗಳ ಮದುವೆಯ ಮಾತು ಸಭೆಯವರ ನಡುವೆಯೇ ಯಾಕೆ ಮುರಿದು ಬಿತ್ತು ಅಂತ ಹೇಳಿದ್ದು ಅವತ್ತೇ. ಮಾರನೆ ದಿನ ಇಡೀ ಸಮ್ಮೇಳನ ಅದನ್ನೇ ಮಾತಾಡಿತು. ಸಮುದ್ರ ಮರುದಿನವೂ ಅಲ್ಲೇ ಇತ್ತು. ಆ ತಾಯಿಯ ಮಾತು ಮತ್ತೆ ಕೇಳಲು ನನಗೆ ಸಿಗಲಿಲ್ಲ.

ಹೋಗುವ ಮುಂಚೆ ಸ್ವಲ್ಪ ಓದಿಕೊಂಡು ಹೋಗಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಇತ್ತು, ಆಮೇಲೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಇಷ್ಟು ಗೊತ್ತಿದ್ದರೆ ಅರ್ಧ ಚರ್ಚೆ ಅರ್ಥವಾಗುತ್ತದೆ. ಹೆಂಗಸರ ವಿಷಯಕ್ಕೆ ಬಂದರೆ, ಸಿಎಸ್‌ಐ ಸಭೆಯ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಅಭಿಷಿಕ್ತರಾದದ್ದು 2013ರಲ್ಲಿ.

ಗಂಡ-ಹೆಂಡತಿ ಒಂದೇ ಗುಂಪಿನಲ್ಲಿ ಕೂರಬೇಡಿ. ಬೇರೆ ಬೇರೆ ಗುಂಪಿಗೆ ಹೋಗಿ, ಸಂಜೆ ಕಾಫಿ ಕುಡಿಯುವಾಗ ಕೇಳಿದ್ದನ್ನು ಹೇಳಿಕೊಳ್ಳಿ. ಯಾರ ಬಳಿಯೂ "ನೀವು ಮುಂಚೆ ಯಾವ ಜಾತಿ?" ಅಂತ ಕೇಳಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಯಾರಾದರೂ ಕಣ್ಣೀರು ಹಾಕಿಕೊಂಡು ಹೇಳಿದ್ದನ್ನು ಸ್ಟೇಟಸ್‌ಗೆ ಹಾಕಬೇಡಿ, ಹೆಸರು ಬಿಟ್ಟೂ ಹಾಕಬೇಡಿ. ಊರು ಚಿಕ್ಕದು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಮಾತಿನ ಬಗ್ಗೆಯೂ ಸ್ವಲ್ಪ ಎಚ್ಚರ ಇರಲಿ. ನಾವು ಸಿಎಸ್‌ಐನವರು ಆರಾಧನೆ ಅನ್ನುತ್ತೇವೆ, ಕ್ಯಾಥೊಲಿಕರು ಬಲಿಪೂಜೆ ಅನ್ನುತ್ತಾರೆ. ನಮಗೆ ಅಯ್ಯನವರು, ಅವರಿಗೆ ಫಾದರ್. ನಮಗೆ ಸಭೆ, ಅವರಿಗೆ ಇಗರ್ಜಿ. ಇಲ್ಲಿಯ ಪ್ರೊಟೆಸ್ಟೆಂಟರ ಮನೆಯಲ್ಲಿ ತುಳು, ಆರಾಧನೆ ಕನ್ನಡದಲ್ಲಿ. ಬಾಸೆಲ್ ಮಿಷನ್‌ನವರು ಹೊಸ ಒಡಂಬಡಿಕೆಯನ್ನು 1847ರಲ್ಲೇ ತುಳುವಿನಲ್ಲಿ ತಂದಿದ್ದರೂ ಹೀಗಿದೆ. ಈ ವಿಷಯ ಚರ್ಚೆಗೆ ಬಂದರೆ ಹೊರಗಿನವರಾದ ನಾವು ತೀರ್ಪು ಕೊಡದೆ ಕೇಳುವುದು ಒಳ್ಳೆಯದು. ಎರಡು ಮಾತು ಕಲಿತುಕೊಂಡು ಹೋಗಿ. ತುಳುವಿನಲ್ಲಿ "ಎಂಚ ಉಲ್ಲರ್?" ಅಂದರೆ ಹೇಗಿದ್ದೀರಿ. ಕೊಂಕಣಿಯಲ್ಲಿ "ದೇವ್ ಬರೆಂ ಕರುಂ" ಅಂದರೆ ದೇವರು ಒಳ್ಳೆಯದು ಮಾಡಲಿ, ಧನ್ಯವಾದಕ್ಕೆ ಹೇಳುವ ಮಾತು.

ನಡುನಡುವೆ ಸಿಗುವ ಹೊತ್ತಿನಲ್ಲಿ

ಸಮ್ಮೇಳನದ ದಿನಗಳಲ್ಲಿ ದೂರ ಹೋಗಬೇಡಿ. ಮಧ್ಯಾಹ್ನ ಒಂದೂವರೆ ಗಂಟೆ ಬಿಡುವಿದ್ದರೆ ಸಂತ ಅಲೋಶಿಯಸ್ ಚಾಪೆಲ್ ಒಂದೇ ಸಾಕು, ತೆರೆದಿರುವ ಹೊತ್ತು ಮಾತ್ರ ಬೆಳಗ್ಗೆಯೇ ವಿಚಾರಿಸಿ. ಇಟಲಿಯ ಜೆಸ್ವಿಟ್ ಬ್ರದರ್ ಅಂಟೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷಕ್ಕೂ ಮಿಕ್ಕಿ ಕೂತು ಗೋಡೆ, ಕಮಾನು, ಚಾವಣಿ ಒಂದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯ ಮೇಲೆ ಹಸಿ ಗಾರೆಯ ಮೇಲೆ ಬರೆದ ಚಿತ್ರ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದೇ ಒಳ್ಳೆಯದಾಯಿತು, ಇಬ್ಬರೂ ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿದೆವು. ನಮ್ಮ ಸಭೆಗಳ ಗೋಡೆ ಬರಿದಾಗಿರುತ್ತದೆ, ವಚನ ಬರೆದ ಹಲಗೆ ಬಿಟ್ಟರೆ ಏನೂ ಇಲ್ಲ. ಇಷ್ಟೊಂದು ಬಣ್ಣದ ನಡುವೆ ಪ್ರಾರ್ಥನೆ ಹೇಗೆ ಅಂತ ನನಗೆ ಮೊದಲು ಅನ್ನಿಸಿತು. ಅವರಿಗೆ ಅದು ಚಿಕ್ಕಂದಿನ ಇಗರ್ಜಿಯ ನೆನಪು. ಈ ಮಾತನ್ನು ನಾವು 19 ವರ್ಷದಲ್ಲಿ ಮೊದಲ ಸಲ ಆಡಿದ್ದು ಅಲ್ಲಿ.

ಸಂಜೆಗೆ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ, ಇನ್ನೊಂದು ಸಂಜೆ ಬೋಳಾರದ ಕಡೆಯ ರೊಸಾರಿಯೊ ಕೆಥೆಡ್ರಲ್. ರೊಸಾರಿಯೊ ಶುರುವಾದದ್ದು 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ. ಈಗ ಕಾಣುವ ಕಟ್ಟಡಗಳು ಇಪ್ಪತ್ತನೆಯ ಶತಮಾನದವು. 1784ರಲ್ಲಿ ಟಿಪ್ಪು ಕಾಲದಲ್ಲಿ ಇಗರ್ಜಿಗಳು ಬಿದ್ದವು, ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಉಳಿದವರು ಮರಳಿದ್ದು 1799ರಲ್ಲಿ. ಇಲ್ಲಿಯ ಹಿರಿಯ ಕ್ಯಾಥೊಲಿಕರ ಮಾತಿನಲ್ಲಿ ಆ ನೆನಪು ಇನ್ನೂ ಬರುತ್ತದೆ, ಗೊತ್ತಿದ್ದು ಹೋದರೆ ಒಳ್ಳೆಯದು.

ಕುದ್ರೋಳಿ ಗೋಕರ್ಣನಾಥ ದೇವಸ್ಥಾನವನ್ನೂ ಬಿಡಬೇಡಿ. ಸಭೆಯ ಸಮ್ಮೇಳನಕ್ಕೆ ಬಂದವರಿಗೆ ದೇವಸ್ಥಾನ ಯಾಕೆ ಅಂತ ನಮ್ಮ ಜೊತೆಯವರೊಬ್ಬರು ಕೇಳಿದರು. ಬೇರೆ ದೇವಸ್ಥಾನಗಳ ಒಳಗೆ ಬಿಡದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ ಅದು. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ನಂದ್ಯಾಲದ ಬಿಷಪ್ ಅಭಿಷೇಕವೂ ಅದೇ ವರ್ಷ. ನಾವು ಹಾಲ್‌ನಲ್ಲಿ ಕೂತು ಕೇಳುತ್ತಿದ್ದ ಪ್ರಶ್ನೆಯನ್ನೇ ಪಕ್ಕದ ಬೀದಿಯವರೂ ಕೇಳಿಕೊಂಡಿದ್ದಾರೆ, ಅದಕ್ಕೆ ಹೋಗಿ ನೋಡಬೇಕು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಇಲ್ಲಿ ಅನ್ನ ಅಂದರೆ ಕುಚ್ಚಲಕ್ಕಿ, ದಪ್ಪ ಕಾಳು. ರೂಢಿಯಿಲ್ಲದವರು "ಬೆಳ್ತಿಗೆ ಅನ್ನ ಇದೆಯಾ" ಅಂತ ಕೇಳಿದರೆ ಬಿಳಿ ಅನ್ನ ಕೊಡುತ್ತಾರೆ. ಬೆಳಗ್ಗೆ ಮಂಗಳೂರು ಬನ್ಸ್, ನೀರುದೋಸೆ. ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಇಲ್ಲವೇ ಕಾಣೆ ರವೆ ಫ್ರೈ. ಕ್ಯಾಥೊಲಿಕರ ಮನೆಗೆ ಕರೆದರೆ ಸನ್ನಾಸ್ ಜೊತೆಗೆ ಹಂದಿಮಾಂಸದ ಬಾಫತ್ ಇರುತ್ತದೆ, ತಿನ್ನದವರು ಮುಂಚೆಯೇ ನಯವಾಗಿ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಂ, ಇಬ್ಬರಿಗೆ ಒಂದು ಸಾಕು.

ಭಾನುವಾರ

ಇಡೀ ಪ್ರವಾಸದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಇದು. ಭಾನುವಾರ ನಿಮ್ಮದಲ್ಲದ ಸಭೆಗೆ, ನಿಮ್ಮದಲ್ಲದ ಭಾಷೆಯ ಆರಾಧನೆಗೆ ಹೋಗಿ. ನಾವು ಹೋದದ್ದು ಬ್ರಹ್ಮಾವರಕ್ಕೆ. ಮಂಗಳೂರಿನಿಂದ ಉಡುಪಿಗೆ ಸುಮಾರು 58 ಕಿಲೋಮೀಟರ್, ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. ಉಡುಪಿಯಿಂದ ಇನ್ನೂ ಹದಿಮೂರು-ಹದಿನಾಲ್ಕು ಕಿಲೋಮೀಟರ್ ಉತ್ತರಕ್ಕೆ ಬ್ರಹ್ಮಾವರ. ಶನಿವಾರ ರಾತ್ರಿಯೇ ಉಡುಪಿಗೆ ಬಂದು ಉಳಿಯಿರಿ, ಇಲ್ಲದಿದ್ದರೆ ಬೆಳಗಿನ ಆರಾಧನೆ ಮುಟ್ಟುವುದಿಲ್ಲ.

ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸುರಿಯಾನಿ (ಸಿರಿಯನ್) ಕ್ರೈಸ್ತರಿದ್ದಾರೆ. ಇದು ನಮ್ಮ ನಾಡಿನಲ್ಲೇ ಅನೇಕರಿಗೆ ಗೊತ್ತಿಲ್ಲ. ಸುರಿಯಾನಿ ಅಂದ ಕೂಡಲೇ ಕೇರಳ, ಮಲಯಾಳಂ ಅಂದುಕೊಳ್ಳುತ್ತೇವೆ. ಗೋವಾದ ಪಾದ್ರಿ ಆಲ್ವಾರಿಸ್ ಅವರು ರೋಮಿನ ಅಧಿಕಾರದಿಂದ ಹೊರಬಂದು 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಸುರಿಯಾನಿ ಸಭೆಯ ಬಿಷಪರಾದರು. ಅವರ ಜೊತೆಗಾರ ಫಾದರ್ ನೊರೊನ್ಹಾ ಬ್ರಹ್ಮಾವರದಲ್ಲೇ ನಿಂತು ಈ ಸಭೆಯನ್ನು ಬೆಳೆಸಿದರು. ಆರಾಧನೆಯ ಕ್ರಮ ಸುರಿಯಾನಿ ಸಂಪ್ರದಾಯದ್ದು, ಧೂಪ, ಪರದೆ, ಗಂಟೆ ಎಲ್ಲ ಹಾಗೆಯೇ. ಮಾತು ಮಾತ್ರ ಕೊಂಕಣಿ. ನಮ್ಮನೆಯವರಿಗೆ ಮಾತೆಲ್ಲ ಗೊತ್ತು, ಕ್ರಮ ಗೊತ್ತಿಲ್ಲ. ನನಗೆ ಎರಡೂ ಗೊತ್ತಿಲ್ಲ. ಅವರು ಆಗಾಗ ಬಗ್ಗಿ ಒಂದೊಂದು ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಹೋಗುವಾಗ ಚಪ್ಪಲಿ ಹೊರಗೆ ಬಿಡಿ. ಹೆಂಗಸರು ಸೆರಗು ಅಥವಾ ದುಪಟ್ಟಾ ತಲೆಯ ಮೇಲೆ ಹೊದ್ದುಕೊಳ್ಳಿ. ಆರ್ಥೊಡಾಕ್ಸ್ ಸಭೆಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಲ್ಲುವ ರೂಢಿ, ಹೆಚ್ಚು ಹೊತ್ತು ನಿಂತೇ ಇರಬೇಕು. ಹಾಗಾಗಿ ಜೊತೆಗೆ ನಿಂತು ಅರ್ಥ ಕೇಳುವವರು ನನ್ನ ಹಾಗೆ ಕೊನೆಯ ಸಾಲಿನ ಅಂಚಿನಲ್ಲಿ ಜಾಗ ಹಿಡಿಯಿರಿ. ಕಾಲು ನೋವಿದ್ದವರು ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಪ್ರಭುಭೋಜನದ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರದ, ವಿಷಯ ಮೊದಲೇ ತಿಳಿದುಕೊಳ್ಳಿ. ಕ್ಯಾಥೊಲಿಕ್ ಪೂಜೆಯಲ್ಲಿ ಪರಮಪ್ರಸಾದ ಕ್ಯಾಥೊಲಿಕರಿಗೆ. ಆರ್ಥೊಡಾಕ್ಸ್ ಸಭೆಯಲ್ಲಿ ಅವರ ಸಭೆಯವರಿಗೆ. ನೀವು ಸಾಲಿಗೆ ಹೋಗಿ ನಿಂತು ಅಲ್ಲಿ ಕೊಡುವವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ, ನಿಂತಲ್ಲೇ ಪ್ರಾರ್ಥನೆ ಮಾಡಿ. ಇದು ನೋವಿನ ವಿಷಯ, ನಾನು ಮುಚ್ಚಿಡುವುದಿಲ್ಲ. ಮದುವೆಯಾದಾಗಿನಿಂದ ಅವರ ಊರಿನ ಇಗರ್ಜಿಯಲ್ಲಿ ಅವರು ಸಾಲಿಗೆ ಹೋಗುತ್ತಾರೆ, ನಾನು ಬೆಂಚಿನಲ್ಲಿ ಉಳಿಯುತ್ತೇನೆ. ಬ್ರಹ್ಮಾವರದಲ್ಲಿ ಮೊದಲ ಸಲ ಇಬ್ಬರೂ ಹೊರಗಿನವರಾದೆವು. ಸಾಲು ಮುಂದೆ ಸಾಗುತ್ತಿದ್ದಾಗ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು, ಮುಖ ನೋಡಿದೆ, ಕಣ್ಣು ಒದ್ದೆಯಾಗಿತ್ತು. ಆಚೆ ಬಂದ ಮೇಲೆ, "ನಿನಗೆ ಪ್ರತಿ ಸಲ ಹೀಗೇ ಆಗುತ್ತಿತ್ತಾ?" ಅಂತ ಕೇಳಿದರು. ಎರಡು ದಿನದ ಉಪನ್ಯಾಸದಲ್ಲಿ ಆಗದ್ದು ಆ ಹತ್ತು ನಿಮಿಷದಲ್ಲಿ ಆಯಿತು.

ಅಷ್ಟು ದೂರ ಬೇಡ ಅನ್ನುವವರಿಗೆ ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಕೆಥೆಡ್ರಲ್ ಇದೆ, 2012ರಲ್ಲಿ ಉಡುಪಿ ಬೇರೆ ಬಿಷಪರ ಕೈಕೆಳಗಿನ ಧರ್ಮಪ್ರಾಂತ್ಯವಾದಾಗ ಇದೇ ಕೆಥೆಡ್ರಲ್, ಅಂದರೆ ಬಿಷಪರ ಇಗರ್ಜಿ, ಆಯಿತು. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ ಮಿಷನ್ ಆಸ್ಪತ್ರೆಯೂ ಉಡುಪಿಯಲ್ಲೇ ಇದೆ.

ಉಡುಪಿಯ ಮಿಕ್ಕ ಅರ್ಧ ದಿನ

ರಥಬೀದಿಗೆ ಹೋಗಿ. ಕನಕನ ಕಿಂಡಿಯ ಮುಂದೆ ನಿಲ್ಲಿ. ಒಳಗೆ ಬಿಡದಿದ್ದ ಕನಕದಾಸರು ಹೊರಗೆ ನಿಂತು ಹಾಡಿದಾಗ ಗೋಡೆ ಬಿರಿದು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅನ್ನುವ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ಕನಕದಾಸರು ಹಾವೇರಿ ಸೀಮೆಯ ಬಾಡದವರು. ಒಳಗೆ ದರ್ಶನಕ್ಕೆ ಹೋಗುವ ಗಂಡಸರು ಅಂಗಿ ತೆಗೆಯಬೇಕು. ನಾವು ಹೊರಗಿನ ಕಿಂಡಿಯ ಬಳಿಯೇ ನಿಂತು ಬಂದೆವು, ಬೆಳಗ್ಗೆ ಬ್ರಹ್ಮಾವರದಲ್ಲಿ ನಿಂತವರಿಗೆ ಅಲ್ಲಿ ನಿಂತಾಗ ಬೇರೆ ಮಾತು ಬೇಕಾಗಲಿಲ್ಲ. ಪಕ್ಕದಲ್ಲೇ ಮಿತ್ರ ಸಮಾಜದ ಗೋಳಿಬಜೆ ತಿನ್ನಿ.

ಸಂಜೆ ಕಾಪು ದೀಪಸ್ತಂಭ, ಇಲ್ಲವೇ ಮಲ್ಪೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಬೆಳಗ್ಗೆ ಮೊದಲ ದೋಣಿಗೇ ಹೋಗಿ, ಬಿಸಿಲೇರಿದ ಮೇಲೆ ಅಲ್ಲಿ ನೆರಳು ಕಡಿಮೆ. ಲಾವಾ ತಣ್ಣಗಾಗುವಾಗ ಕುಗ್ಗಿ ಸೀಳಿ ಕಂಬಗಳಾದ ಕಲ್ಲುಗಳು, ಬಹಳಷ್ಟು ಆರು ಮುಖದವು, ಕೆಲವು ಐದು ಮುಖದವು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಮರಿಯಮ್ಮನ ಹೆಸರಿಟ್ಟ ಅನ್ನುತ್ತಾರೆ. ದೋಣಿ ಹತ್ತಿ ಇಳಿಯುವುದು ಮೊಣಕಾಲು ನೋವಿದ್ದವರಿಗೆ ಕಷ್ಟ, ಅಂಥವರು ಮಲ್ಪೆಯ ಮರಳಿನಲ್ಲೇ ಕೂರಲಿ.

ಕೊನೆಯ ದಿನ ಒಂದೇ ಸುತ್ತು ಹಾಕಿ. ಉಡುಪಿಯಿಂದ ಕಾರ್ಕಳ, ಅಲ್ಲಿಂದ ಮೂಡುಬಿದಿರೆ, ಅಲ್ಲಿಂದ ಮಂಗಳೂರು, ಎಲ್ಲ ಕಡೆ ಖಾಸಗಿ ಬಸ್ಸು ಇದೆ. ಕಾರ್ಕಳದಲ್ಲಿ 1432ರ ಬಾಹುಬಲಿ, 42 ಅಡಿ, ಗುಡ್ಡ ಹತ್ತಬೇಕು. ಊರಿಂದ ಸ್ವಲ್ಪ ದೂರದಲ್ಲಿ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾ, ಆಟೋ ಮಾಡಿಕೊಳ್ಳಿ. ಅಲ್ಲಿ ಮೇಣದ ಬತ್ತಿ ಹಚ್ಚಲು ನಿಂತವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ, ಹರಕೆ ಹೊತ್ತು ಬಂದವರು. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಒಂದರ ಹಾಗೆ ಇನ್ನೊಂದು ಕಂಬ ಇಲ್ಲ ಅನ್ನುತ್ತಾರೆ. ನಾವು ಅರ್ಧ ಗಂಟೆ ಕಂಬ ಕಂಬ ಹೋಲಿಸಿ ನೋಡಿದೆವು.

ಊರಿಗೆ ಬಂದ ಮೇಲೆ ಸಭೆಯಲ್ಲಿ ವರದಿ ಕೊಡಿ ಅಂತ ಕೇಳುತ್ತಾರೆ. ಇಬ್ಬರೂ ಹೋಗಿ ಕೊಡಿ, ಗೊತ್ತುವಳಿಗಳನ್ನು ಒಬ್ಬರು ಓದಿ, ನೋಡಿದ್ದನ್ನು ಇನ್ನೊಬ್ಬರು ಹೇಳಿ. ನಮ್ಮಲ್ಲಿ ನಾನು ಚರ್ಚೆಯ ವಿಷಯ ಓದಿದೆ, ನಮ್ಮನೆಯವರು ಎದ್ದು ನಿಂತು ಬ್ರಹ್ಮಾವರದ ಭಾನುವಾರದ ಬಗ್ಗೆ ಹೇಳಿದರು. ಅವರು ನಮ್ಮ ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಮುಗಿದ ಮೇಲೆ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಅವರ ಕೈ ಹಿಡಿದು, "ತಮ್ಮಾ, ಮುಂದಿನ ವಾರಾನೂ ಬಾ, ಆ ಕೊಂಕಣಿ ಹಾಡು ಒಂದು ಹೇಳಿಕೊಡು" ಅಂದರು. ಹೋದ ಭಾನುವಾರ ಹೇಳಿಕೊಟ್ಟರು.